ಕಣ್ಣಿಗೆ ಕಾಣದ ಬಿಸಿಲಿನ ಲೆಕ್ಕ

ಹೆಬ್ಬಾಳದ ಕೆರೆ ಏರಿಯ ಮೇಲೆ ಒಮ್ಮೆ ಚಿತ್ರೀಕರಣ ನಡೆಸಿದ್ದೆವು. ಏಪ್ರಿಲ್ ತಿಂಗಳು, ತೆಳು ಮೋಡ, ತಣ್ಣನೆಯ ಗಾಳಿ. ಕ್ಯಾಮೆರಾದ ಮಸೂರಕ್ಕೆ ಅತಿನೇರಳೆ ಕಿರಣ ತಡೆಯುವ ಫಿಲ್ಟರ್ ತೊಡಿಸಿದ್ದೆವು. ಕ್ಯಾಮೆರಾ ಹಿಡಿದವರ ತಲೆಗೆ ಟೋಪಿಯೂ ಇರಲಿಲ್ಲ. ಸಂಜೆಗೆ ಅವರ ಮುಖ, ಕತ್ತು ಉರಿಯತೊಡಗಿದವು. "ಸೆಕೆಯೇ ಇರಲಿಲ್ಲವಲ್ಲ ಸಾರ್" ಎಂದು ಅವರಿಗೆ ಆಶ್ಚರ್ಯ.

ಸೆಕೆಯೇ ಬೇರೆ, ಅತಿನೇರಳೆ ಕಿರಣವೇ ಬೇರೆ. ತೆಳು ಮೋಡ ಈ ಕಿರಣವನ್ನು ಹೆಚ್ಚೇನೂ ತಡೆಯದು. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಏಪ್ರಿಲ್ ಕೊನೆಯ ವಾರ ಸೂರ್ಯ ಇಲ್ಲಿ ನೆತ್ತಿಯ ಮೇಲೆಯೇ ಹಾಯುತ್ತಾನೆ. ಉಷ್ಣವಲಯದ ಮೇಲಿನ ಓಝೋನ್ ಪದರವೂ ತೆಳು. ವಿಶ್ವ ಆರೋಗ್ಯ ಸಂಸ್ಥೆಯ ಸೂಚ್ಯಂಕದಲ್ಲಿ 11 ಮತ್ತು ಅದಕ್ಕೂ ಮೇಲಿನದು ಅತಿ ತೀವ್ರ. ಶುಭ್ರವಾದ ಏಪ್ರಿಲ್ ನಡುಹಗಲಿನಲ್ಲಿ ನಮ್ಮೂರು ಅದನ್ನು ಮುಟ್ಟುವುದು ಅಪರೂಪವಲ್ಲ.

ಇದನ್ನು ಆಕಾಶದಿಂದ ಅಳೆಯುವುದು ಹೇಗೆ? ಉಪಗ್ರಹಗಳ ವಿಷಯದಲ್ಲಿ ನಮ್ಮ ಕಥೆ ಶುರುವಾಗುವುದು ಯಶವಂತಪುರದ ಆಚೆಗಿನ ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ. ಯು.ಆರ್. ರಾವ್ ಅವರ ತಂಡ ಅಲ್ಲಿ ಕಟ್ಟಿದ 360 ಕಿಲೋ ತೂಕದ ಆರ್ಯಭಟ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿತು. ಅದರ ಮೂರು ಪ್ರಯೋಗಗಳಲ್ಲಿ ಒಂದು ಮೇಲಿನ ವಾಯುಮಂಡಲದ ಅಯಾನುಗೋಲಕ್ಕೆ ಸಂಬಂಧಿಸಿದ್ದು. ಸೂರ್ಯನ ಅತಿನೇರಳೆ ಮತ್ತು ಕ್ಷ-ಕಿರಣಗಳು ಅನಿಲದ ಕಣಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ನಿರ್ಮಿಸುವ ಪದರವದು. ವಿದ್ಯುತ್ ಪೂರೈಕೆಯ ತೊಂದರೆಯಿಂದ ಕೆಲವೇ ದಿನಗಳಲ್ಲಿ ಪ್ರಯೋಗಗಳು ನಿಂತವು.

ಮೇಲೆಯೇ ತಡೆದುಹೋಗುವ ಕಿರಣಗಳ ಮಾತಾಯಿತು. ತಡೆ ದಾಟಿ ನೆಲಕ್ಕಿಳಿಯುವ ಪಾಲಿನ ಲೆಕ್ಕಕ್ಕೆ ದಾರಿ ತೋರಿದ್ದು, 1978ರ ಅಕ್ಟೋಬರಿನಲ್ಲಿ ಅಮೆರಿಕ ಹಾರಿಸಿದ ನಿಂಬಸ್-7 ಉಪಗ್ರಹದ 'ಟಾಮ್ಸ್' ಉಪಕರಣ. ಸ್ವಾರಸ್ಯವೆಂದರೆ, ನೆಲ ಮುಟ್ಟಿದ ಕಿರಣವನ್ನು ಉಪಗ್ರಹ ನೇರವಾಗಿ ಅಳೆಯಲಾರದು. ಅದಕ್ಕೆ ಸಿಗುವುದು ಗಾಳಿ, ಮೋಡ, ನೆಲಗಳಿಂದ ಚದುರಿ ಮೇಲಕ್ಕೆ ಮರಳಿದ ಬೆಳಕು ಮಾತ್ರ. ಟಾಮ್ಸ್ ಅದನ್ನು ಆರು ತರಂಗಾಂತರಗಳಲ್ಲಿ ಅಳೆಯಿತು. 312 ನ್ಯಾನೋಮೀಟರಿನ ಆಸುಪಾಸಿನ ಕಿರಣವನ್ನು ಓಝೋನ್ ಚೆನ್ನಾಗಿ ನುಂಗುತ್ತದೆ. 380ರದನ್ನು ಮುಟ್ಟುವುದಿಲ್ಲವೆಂದೇ ಹೇಳಬಹುದು. ಹೋಲಿಸಿದರೆ ಓಝೋನ್ ಎಷ್ಟೆಂದು ತಿಳಿಯಿತು. 380ರ ಹೊಳಪಿನಿಂದ ಮೋಡದ ಪ್ರಮಾಣ ತಿಳಿಯಿತು. ಸೂರ್ಯನ ಎತ್ತರ, ನೆಲದ ಎತ್ತರ ಹೇಗೂ ಗೊತ್ತು. ಮೇಲಿನಿಂದ ಬಂದದ್ದರಲ್ಲಿ ಈ ತಡೆಗಳಿಗೆ ಸಿಕ್ಕಿದ್ದನ್ನು ಕಳೆದರೆ ಉಳಿಯುವುದು ನೆಲದ ಪಾಲು. ಸಂತೆಗೆ ಹೋದವನ ಚೀಲ ನೋಡದೆ, ಜೇಬಿನ ಚಿಲ್ಲರೆ ಎಣಿಸಿ ಏನು ಕೊಂಡನೆಂದು ಹೇಳಿದ ಹಾಗೆ! 1990ರ ದಶಕದಲ್ಲಿ ನಾಸಾದಲ್ಲಿ ಈ ಲೆಕ್ಕವನ್ನು ಬೆಳೆಸಿದವರಲ್ಲಿ ಭಾರತೀಯ ಮೂಲದ ಪಿ.ಕೆ. ಭಾರ್ತಿಯಾ ಒಬ್ಬರು.

ಆದರೆ ಟಾಮ್ಸ್ ಕಾಣುತ್ತಿದ್ದ ಒಂದೊಂದು ಚುಕ್ಕೆಯೂ ಕನಿಷ್ಠ 50 ಕಿಲೋಮೀಟರ್ ಅಗಲ. ಬೆಂಗಳೂರೆಲ್ಲ ಒಂದರೊಳಗೇ ಅಡಗಬಹುದು. 2004ರಲ್ಲಿ ಹೋದ 'ಓಮಿ' ಉಪಕರಣದ ಚುಕ್ಕೆ 13ಕ್ಕೆ 24 ಕಿಲೋಮೀಟರ್. ಅದರಲ್ಲೂ ಯಲಹಂಕ, ಹೆಬ್ಬಾಳ, ಆರ್.ಟಿ. ನಗರ ಬೇರೆಬೇರೆಯಾಗಿ ಕಾಣುವುದು ಕಷ್ಟ. ಅದು ನಮ್ಮ ಮೇಲೆ ಹಾಯುತ್ತಿದ್ದುದೂ ಮಧ್ಯಾಹ್ನದ ಹೊತ್ತಿನಲ್ಲಿ. ಬೆಳಿಗ್ಗೆ ಶುಭ್ರ ಬಿಸಿಲು, ನಾಲ್ಕಕ್ಕೆ ಕರಿಮೋಡ ಎಂಬ ನಮ್ಮ ಏಪ್ರಿಲ್ಲಿನ ಸ್ವಭಾವ ಆ ಒಂದು ನೋಟಕ್ಕೆ ಹೇಗೆ ಸಿಕ್ಕೀತು?

ಇನ್ನೊಂದು ತೊಡಕು ದೂಳು, ಹೊಗೆ, ಮಸಿ. ಇವು ಅತಿನೇರಳೆ ಕಿರಣವನ್ನು ಹೀರುತ್ತವೆ. ಲೆಕ್ಕದಲ್ಲಿ ಇವು ಪೂರ್ತಿ ಸೇರದಿದ್ದರೆ ಉಪಗ್ರಹದ ಅಂಕಿ ನೆಲದ ಮೇಲಿನ ನಿಜಕ್ಕಿಂತ ಹೆಚ್ಚಾಗುತ್ತದೆ. (ಹೊಗೆಯೇ ನಮಗೆ ಕೊಡೆ ಎಂದು ಹಿಗ್ಗಬೇಡಿ, ಅದನ್ನು ಉಸಿರಾಡುವವರೂ ನಾವೇ.) ಆದ್ದರಿಂದಲೇ ಉಪಗ್ರಹದ ಅಂಕಿಯನ್ನು ನೆಲದ ಮಾಪಕಗಳ ಜೊತೆ ತಾಳೆ ನೋಡುತ್ತಾರೆ.

ಈಗ ನಮ್ಮ ನೋಟ ಸೂರ್ಯನ ಕಡೆಗೂ ತಿರುಗಿದೆ. 2023ರ ಸೆಪ್ಟೆಂಬರ್ 2ರಂದು ಹೊರಟ ಆದಿತ್ಯ-ಎಲ್1 ನೌಕೆಯ 'ಸೂಟ್' ದೂರದರ್ಶಕ 200ರಿಂದ 400 ನ್ಯಾನೋಮೀಟರಿನ ಬೆಳಕಿನಲ್ಲಿ ಸೂರ್ಯನ ಚಿತ್ರ ತೆಗೆಯುತ್ತದೆ. ಅದನ್ನು ನಿಯಂತ್ರಿಸುವ ಇಸ್ಟ್ರ್ಯಾಕ್ ಕೇಂದ್ರ ಇರುವುದೂ ಪೀಣ್ಯದಲ್ಲೇ.