ಲೇಖನಿಯನ್ನು ಎತ್ತಿದ ಮೇಲೆ

ನಾನು ಸಾಹಿತ್ಯದ ವಿದ್ಯಾರ್ಥಿ. ಧರ್ಮಶಾಸ್ತ್ರ ನನ್ನ ಕ್ಷೇತ್ರವಲ್ಲ. ಆದರೂ ಇಸ್ಲಾಮಿನ ನ್ಯಾಯಪರಂಪರೆಯ ಒಂದು ರೂಪಕ ನನ್ನನ್ನು ಬಹುಕಾಲದಿಂದ ಕಾಡಿದೆ. ನಿದ್ರಿಸುವವನು, ಎಳೆಯ ಮಗು, ಚಿತ್ತ ಕದಡಿದವನು—ಈ ಮೂವರ ಕರ್ಮದ ಲೆಕ್ಕವನ್ನು ಬರೆಯುವ ಲೇಖನಿಯನ್ನು ಎತ್ತಿಡಲಾಗಿದೆ ಎಂಬುದು ಪ್ರವಾದಿಗಳದೆಂದು ಹೇಳಲಾಗುವ ಒಂದು ಮಾತಿನ ಭಾವ.

ಹಾಗಾದರೆ ಆ ಹೊಣೆ ಎಲ್ಲಿಗೆ ಹೋಯಿತು? ಸುತ್ತಲಿನವರ ಹೆಗಲಿಗೆ ಎಂಬುದೇ ಶಾಸ್ತ್ರದ ಉತ್ತರ. ವಿವೇಕ ಸಾಲದವರ ಕೈಗೆ ಆಸ್ತಿಯನ್ನು ಒಪ್ಪಿಸಬಾರದು. ಆದರೆ ಅದರಿಂದ ಅವರಿಗೆ ಉಣಿಸಿ, ಉಡಿಸಿ, ಒಳ್ಳೆಯ ಮಾತನಾಡಬೇಕೆಂದು ಕುರಾನಿನ ನಾಲ್ಕನೆಯ ಅಧ್ಯಾಯ ವಿಧಿಸುತ್ತದೆ. ಪಾಲಕರಿಲ್ಲದ ಬುದ್ಧಿವಿಕಲನ ಹಿತವನ್ನು ಖಾಜಿಯೇ ಕಾಯಬೇಕು. ರೋಗಿಯ ಆರೈಕೆಯನ್ನು ಶಾಸ್ತ್ರಜ್ಞರು 'ಫರ್ಜ್ ಕಿಫಾಯ' ಎಂದು ಎಣಿಸಿದರು: ಕೆಲವರು ನೆರವೇರಿಸಿದರೆ ಎಲ್ಲರೂ ಋಣಮುಕ್ತರು, ಯಾರೂ ನೆರವೇರಿಸದಿದ್ದರೆ ಊರಿಗೆ ಊರೇ ದೋಷಿ.

ಈ ಹೊಣೆಗೆ ಬಲ ತಂದುಕೊಟ್ಟದ್ದು ವಕ್ಫ್, ಎಂದರೆ ಶಾಶ್ವತ ದತ್ತಿ. ಅಂಗಡಿ, ಸ್ನಾನಗೃಹ, ಹೊಲಗಳ ಆದಾಯದಿಂದ 'ಬೀಮಾರಿಸ್ತಾನ'ಗಳೆಂಬ ಆಸ್ಪತ್ರೆಗಳು ನಡೆದವು. 1154ರಲ್ಲಿ ದಮಾಸ್ಕಸ್ಸಿನಲ್ಲಿ ನೂರುದ್ದೀನನೂ 1284ರಲ್ಲಿ ಕೈರೋದಲ್ಲಿ ಸುಲ್ತಾನ ಕಲಾವೂನನೂ ಇಂತಹವನ್ನು ಸ್ಥಾಪಿಸಿದರು. ಅಲೆಪ್ಪೋದಲ್ಲಿ 1354ರಲ್ಲಿ ಎದ್ದ ಅರ್ಗೂನನ ಆಸ್ಪತ್ರೆಯಲ್ಲಿ ಮನೋರೋಗಿಗಳ ಕೋಣೆಗಳು ನೀರಿನ ಕಾರಂಜಿಯಿದ್ದ ಅಂಗಳಕ್ಕೆ ತೆರೆದಿದ್ದವು. ತುರ್ಕಿಯ ಎದಿರ್ನೆ ನಗರದಲ್ಲಿ 1488ರಲ್ಲಿ ಪೂರ್ಣಗೊಂಡ ಆಸ್ಪತ್ರೆಯಲ್ಲಿ ಹತ್ತು ಮಂದಿ ಗಾಯಕ ವಾದಕರು ವಾರಕ್ಕೆ ಮೂರು ಸಲ ರೋಗಿಗಳಿಗಾಗಿ ಹಾಡಿ ನುಡಿಸುತ್ತಿದ್ದರೆಂದು ಹದಿನೇಳನೆಯ ಶತಮಾನದ ಪ್ರವಾಸಿ ಎವ್ಲಿಯಾ ಚೆಲೆಬಿ ಬರೆದಿದ್ದಾನೆ.

ಆದರೆ ಇತಿಹಾಸವನ್ನು ಹೊಗಳಿಕೆಗಾಗಿ ಓದಬಾರದು. ಅದೇ ಚೆಲೆಬಿ ಅಲ್ಲಿ ಸರಪಳಿಗಳನ್ನೂ ಕಂಡ. ಸಂಗೀತವೂ ಸಂಕೋಲೆಯೂ ಒಂದೇ ಸೂರಿನಡಿಯಲ್ಲಿದ್ದವು.

ಆ ಸಂಕೋಲೆ ನಮ್ಮ ನಾಡಿಗೆ ದೂರದ ಕಥೆಯಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಆಸುಪಾಸಿನಲ್ಲಿ ಬೆಳೆದಿದ್ದ ಖಾಸಗಿ ಆಶ್ರಯಗಳಲ್ಲೊಂದಕ್ಕೆ ಬೆಂಕಿ ಬಿದ್ದು, ಸರಪಳಿಯಲ್ಲಿದ್ದ 28 ಮಂದಿ ಸತ್ತರು. ಅವರಲ್ಲಿ ನಾನಾ ಮತದವರಿದ್ದರು. ಮನೆಯವರು ನಂಬಿ ತಂದು ಬಿಟ್ಟವರು ಅವರು. ಸರಪಳಿ ಬಿಗಿಯುವುದನ್ನು ನಿಷೇಧಿಸಿದ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಬಂದುದು 2017ರಲ್ಲಿ. ರೋಗಿಗೆ ತನ್ನ ಸಮುದಾಯದ ನಡುವೆಯೇ ಬಾಳುವ ಹಕ್ಕಿದೆಯೆಂದೂ ಅದು ಸಾರಿತು.

ಕಾಯಿದೆ ಸರಪಳಿಯನ್ನು ಕಳಚಬಲ್ಲದು; ಉಣಿಸಿ, ಉಡಿಸಿ, ಒಳ್ಳೆಯ ಮಾತನಾಡುವ ಕೆಲಸ ನೆರೆಹೊರೆಯವರದು. ರೋಗಿಯ ಲೆಕ್ಕದಿಂದ ಲೇಖನಿಯನ್ನು ಎತ್ತಿಟ್ಟಿರಬಹುದು. ನಮ್ಮ ಲೆಕ್ಕದಿಂದ ಎತ್ತಿಲ್ಲ.