ಕ್ಷಯರೋಗ ಮತ್ತು ವಂಶವಾಹಿಗಳು: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಕ್ಷಯರೋಗದ ಚಿಕಿತ್ಸೆ ಹಾಗೂ ಸಹಾಯಧನಕ್ಕಾಗಿ ಆರೋಗ್ಯ ಕೇಂದ್ರಗಳಿಗೆ ಬರುವ ಕುಟುಂಬಗಳು "ಈ ಕಾಯಿಲೆ ವಂಶದಲ್ಲಿಯೇ ಇದೆಯೇ? ಮಕ್ಕಳಿಗೂ ಬರುತ್ತದೆಯೇ?" ಎಂದು ಕೇಳುವುದುಂಟು. ಈ ಸಂದೇಹದಿಂದಾಗಿ ನಿಶ್ಚಯವಾದ ವಿವಾಹಗಳು ಮುರಿದುಬೀಳುವುದು, ರೋಗವನ್ನು ಮುಚ್ಚಿಡುವುದು ಹಾಗೂ ಮನೆಯ ಇತರ ಸದಸ್ಯರು ತಪಾಸಣೆಗೆ ಬಾರದೇ ಇರುವುದು ಸಂಭವಿಸುತ್ತಿದೆ. ಆದುದರಿಂದ ಈ ವಿಷಯದಲ್ಲಿ ಖಚಿತವಾಗಿ ತಿಳಿದುಬಂದಿರುವ ಅಂಶಗಳನ್ನು ಸಾರ್ವಜನಿಕರ ಅವಗಾಹನೆಗಾಗಿ ಇಲ್ಲಿ ನೀಡಲಾಗಿದೆ.

ಸಂಕ್ಷಿಪ್ತವಾಗಿ ಹೇಳುವುದಾದರೆ, ಕ್ಷಯವು ವಂಶಪಾರಂಪರ್ಯ ರೋಗವಲ್ಲ. ಅದು ರೋಗಾಣುವಿನಿಂದ ಬರುವ, ಗಾಳಿಯ ಮೂಲಕ ಹರಡುವ ಸಾಂಕ್ರಾಮಿಕ ರೋಗ. ಆದರೆ ರೋಗಾಣು ದೇಹವನ್ನು ಸೇರಿದ ನಂತರ ಯಾರು ರೋಗಿಗಳಾಗುತ್ತಾರೆ, ಯಾರು ಆಗುವುದಿಲ್ಲ ಎಂಬುದರಲ್ಲಿ ಇತರ ಕಾರಣಗಳ ಜೊತೆಗೆ ವಂಶವಾಹಿಗಳಿಗೂ ಒಂದು ಪಾಲಿದೆ.

2. ಸೋಂಕು ಮತ್ತು ರೋಗ: ವ್ಯತ್ಯಾಸ

ಕ್ಷಯದ ರೋಗಾಣುವನ್ನು ಕಂಡುಹಿಡಿದ ವಿಷಯವನ್ನು ಜರ್ಮನಿಯ ವೈದ್ಯ ರಾಬರ್ಟ್ ಕಾಕ್ ಅವರು 1882ರ ಮಾರ್ಚ್ 24ರಂದು ಪ್ರಕಟಿಸಿದರು. ಅದಕ್ಕೂ ಮೊದಲು ಈ ರೋಗವು ವಂಶದಿಂದಲೇ ಬರುತ್ತದೆಂಬ ನಂಬಿಕೆ ಯುರೋಪಿನ ವೈದ್ಯರಲ್ಲಿಯೂ ವ್ಯಾಪಕವಾಗಿತ್ತು.

ಜಗತ್ತಿನ ಜನಸಂಖ್ಯೆಯ ಸುಮಾರು ನಾಲ್ಕನೇ ಒಂದು ಭಾಗದಷ್ಟು ಜನರಿಗೆ ಈ ರೋಗಾಣು ಸೋಂಕಿದೆ ಎಂದು ಅಂದಾಜಿಸಲಾಗಿದೆ. ಇವರ ಪೈಕಿ ಶೇಕಡ 5ರಿಂದ 10ರಷ್ಟು ಜನರಲ್ಲಿ ಮಾತ್ರ ಜೀವಿತಾವಧಿಯಲ್ಲಿ ರೋಗವು ಕಾಣಿಸಿಕೊಳ್ಳುತ್ತದೆ. ಉಳಿದವರಲ್ಲಿ ದೇಹದ ರೋಗನಿರೋಧಕ ಶಕ್ತಿಯು ರೋಗಾಣುವನ್ನು ಅಡಗಿಸಿಡುತ್ತದೆ. ಇಂತಹವರು ರೋಗಿಗಳಲ್ಲ, ಇವರಿಂದ ಇತರರಿಗೆ ರೋಗ ಹರಡುವುದೂ ಇಲ್ಲ.

3. ವಂಶವಾಹಿಗಳ ಪಾತ್ರದ ಬಗ್ಗೆ ತಿಳಿದಿರುವ ಅಂಶಗಳು

(ಅ) ಲ್ಯೂಬೆಕ್ ದುರಂತ: 1929-30ರಲ್ಲಿ ಜರ್ಮನಿಯ ಲ್ಯೂಬೆಕ್ ನಗರದಲ್ಲಿ 250ಕ್ಕೂ ಹೆಚ್ಚು ನವಜಾತ ಶಿಶುಗಳಿಗೆ ಬಾಯಿಯ ಮೂಲಕ ನೀಡಿದ ಬಿ.ಸಿ.ಜಿ. ಲಸಿಕೆಯಲ್ಲಿ ತಪ್ಪಿನಿಂದ ಜೀವಂತ ಕ್ಷಯ ರೋಗಾಣು ಬೆರೆತಿತ್ತು. 70ಕ್ಕೂ ಹೆಚ್ಚು ಶಿಶುಗಳು ಮೃತಪಟ್ಟವು. ಆದರೆ ಹೆಚ್ಚಿನ ಶಿಶುಗಳು, ಕ್ಷಯಕ್ಕೆ ಯಾವುದೇ ಔಷಧವಿಲ್ಲದ ಆ ಕಾಲದಲ್ಲಿಯೂ, ಬದುಕುಳಿದವು. ನೀಡಿದ ರೋಗಾಣುವಿನ ಪ್ರಮಾಣವು ಎಲ್ಲ ಶಿಶುಗಳಿಗೂ ಒಂದೇ ಆಗಿರಲಿಲ್ಲವಾದರೂ, ಮನುಷ್ಯರ ಸಹಜ ಪ್ರತಿರೋಧ ಶಕ್ತಿಯಲ್ಲಿ ಅಂತರವಿದೆ ಎಂಬುದಕ್ಕೆ ಈ ಘಟನೆಯನ್ನು ಇಂದಿಗೂ ಉದಾಹರಿಸಲಾಗುತ್ತದೆ.

(ಆ) ಅವಳಿಗಳ ಅಧ್ಯಯನ: 1943ರಲ್ಲಿ ನ್ಯೂಯಾರ್ಕ್‌ನಲ್ಲಿ ಪ್ರಕಟವಾದ ಅಧ್ಯಯನವೂ ಸೇರಿದಂತೆ ಹಲವು ಅಧ್ಯಯನಗಳಲ್ಲಿ, ತದ್ರೂಪಿ ಅವಳಿಗಳ ಪೈಕಿ ಒಬ್ಬರಿಗೆ ಕ್ಷಯ ಬಂದಾಗ ಇನ್ನೊಬ್ಬರಿಗೂ ಬರುವ ಪ್ರಮಾಣವು ಸಾಧಾರಣ ಅವಳಿಗಳಿಗಿಂತ ಹೆಚ್ಚಾಗಿ ಕಂಡುಬಂದಿತು.

(ಇ) ಒಂದೇ ವಂಶವಾಹಿಯ ದೋಷ: ರೋಗಾಣುವನ್ನು ನುಂಗಿದ ರಕ್ಷಕ ಕೋಶಗಳನ್ನು ಚುರುಕುಗೊಳಿಸುವ ಸಂದೇಶಕ್ಕೆ ಇಂಟರ್‌ಫೆರಾನ್ ಗಾಮಾ ಎಂದು ಹೆಸರು. ಈ ಸಂದೇಶವನ್ನು ಸ್ವೀಕರಿಸುವ ವಂಶವಾಹಿಯಲ್ಲಿ ಹುಟ್ಟಿನಿಂದಲೇ ದೋಷವಿರುವ ಮಕ್ಕಳನ್ನು 1996ರಲ್ಲಿ ಗುರುತಿಸಲಾಯಿತು. ಇಂತಹ ಮಕ್ಕಳಿಗೆ ಬಿ.ಸಿ.ಜಿ. ಲಸಿಕೆಯಲ್ಲಿರುವ ದುರ್ಬಲ ರೋಗಾಣುವಿನಿಂದಲೂ ತೀವ್ರ ಕಾಯಿಲೆ ಬರಬಹುದು. ಇದು ಅತಿ ವಿರಳವಾದ ಸ್ಥಿತಿ.

(ಈ) ಸಾಮಾನ್ಯ ವ್ಯತ್ಯಾಸಗಳು: ಬಹುಪಾಲು ರೋಗಿಗಳಲ್ಲಿ ಇಂತಹ ಒಂದೇ ದೋಷ ಇರುವುದಿಲ್ಲ. ಹಲವು ವಂಶವಾಹಿಗಳು ತಲಾ ಅಲ್ಪ ಪ್ರಮಾಣದ ಪರಿಣಾಮ ಬೀರುತ್ತವೆ. ಇವುಗಳನ್ನು ಆಧರಿಸಿ ಒಬ್ಬ ವ್ಯಕ್ತಿಗೆ ಕ್ಷಯ ಬರುತ್ತದೆ ಅಥವಾ ಬರುವುದಿಲ್ಲ ಎಂದು ಹೇಳಲು ಸಾಧ್ಯವಿಲ್ಲ.

4. ಒಂದೇ ಮನೆಯಲ್ಲಿ ಹಲವರಿಗೆ ರೋಗ ಬರಲು ಕಾರಣಗಳು

ಒಂದು ಕುಟುಂಬದವರು ವಂಶವಾಹಿಗಳನ್ನು ಮಾತ್ರವಲ್ಲದೆ ಅದೇ ಕೋಣೆ, ಅದೇ ಗಾಳಿ ಮತ್ತು ಅದೇ ಊಟವನ್ನೂ ಹಂಚಿಕೊಳ್ಳುತ್ತಾರೆ. ರಕ್ತಸಂಬಂಧವಿಲ್ಲದ ಸೊಸೆಗೂ ಅತ್ತೆಯಿಂದ ಸೋಂಕು ತಗಲುವುದು ಈ ಕಾರಣದಿಂದಲೇ.

1956ರಲ್ಲಿ ಮದರಾಸಿನಲ್ಲಿ ಆರಂಭವಾದ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರವು ಬಡ ಕುಟುಂಬಗಳ ರೋಗಿಗಳಲ್ಲಿ ಕೆಲವರಿಗೆ ಸ್ಯಾನಟೋರಿಯಂನಲ್ಲಿಯೂ ಕೆಲವರಿಗೆ ಮನೆಯಲ್ಲಿಯೂ ಚಿಕಿತ್ಸೆ ನೀಡಿ ಹೋಲಿಕೆ ಮಾಡಿತು. ಮನೆಯಲ್ಲಿಯೇ ಚಿಕಿತ್ಸೆ ಪಡೆದವರ ಕುಟುಂಬದವರಿಗೆ ಅದರಿಂದ ಹೆಚ್ಚುವರಿ ಅಪಾಯ ಕಂಡುಬರಲಿಲ್ಲ. ರೋಗ ಪತ್ತೆಯಾಗುವ ಮುಂಚಿನ ಅವಧಿಯೇ ಮನೆಯವರಿಗೆ ಹೆಚ್ಚು ಅಪಾಯಕಾರಿ ಎಂಬುದು ಇದರಿಂದ ಸ್ಪಷ್ಟವಾಯಿತು.

ಅಪೌಷ್ಟಿಕತೆ, ಮಧುಮೇಹ, ಎಚ್.ಐ.ವಿ. ಸೋಂಕು, ಧೂಮಪಾನ ಹಾಗೂ ಅತಿಯಾದ ಮದ್ಯಪಾನ ಇವು ಸೋಂಕು ರೋಗವಾಗಿ ಬೆಳೆಯಲು ಇರುವ ಪ್ರಮುಖ ಕಾರಣಗಳು. 2019ರಿಂದ 2022ರವರೆಗೆ ಜಾರ್ಖಂಡ್ ರಾಜ್ಯದಲ್ಲಿ ನಡೆದ, ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರು ಮುನ್ನಡೆಸಿದ 'ರೇಷನ್ಸ್' ಅಧ್ಯಯನದಲ್ಲಿ ರೋಗಿಗಳ ಮನೆಯವರಿಗೆ ಅಕ್ಕಿ, ಬೇಳೆ ಮತ್ತು ಪೋಷಕಾಂಶದ ಮಾತ್ರೆಗಳನ್ನು ನೀಡಲಾಯಿತು. ಹೀಗೆ ಆಹಾರ ಪಡೆದ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವ ಪ್ರಮಾಣವು ಶೇಕಡ 39ರಷ್ಟು ಕಡಿಮೆಯಾಯಿತು. ವಂಶವಾಹಿಗಳು ಬದಲಾಗದಿದ್ದರೂ ಊಟ ಬದಲಾದರೆ ರೋಗ ಕಡಿಮೆಯಾಗುತ್ತದೆ ಎಂಬುದನ್ನು ಸಾರ್ವಜನಿಕರು ಗಮನಿಸತಕ್ಕದ್ದು.

5. ಇತರ ಸಾಂಕ್ರಾಮಿಕ ರೋಗಗಳು

ಮಲೇರಿಯಾ: ಕುಡಗೋಲು ಕಣ ರಕ್ತದ ವಂಶವಾಹಿಯನ್ನು ತಂದೆ ಅಥವಾ ತಾಯಿ ಒಬ್ಬರಿಂದ ಮಾತ್ರ ಪಡೆದವರಿಗೆ ಫಾಲ್ಸಿಪಾರಂ ಮಲೇರಿಯಾದ ತೀವ್ರ ಸ್ವರೂಪದಿಂದ ಸಾಕಷ್ಟು ರಕ್ಷಣೆ ಇರುತ್ತದೆ ಎಂದು 1954ರಲ್ಲಿ ಆಂಥೊನಿ ಆಲಿಸನ್ ಅವರು ಪೂರ್ವ ಆಫ್ರಿಕಾದ ಅಧ್ಯಯನದಿಂದ ತೋರಿಸಿದರು. ಇಬ್ಬರಿಂದಲೂ ಪಡೆದವರಿಗೆ ಮಾತ್ರ ಕುಡಗೋಲು ಕಣ ರಕ್ತಹೀನತೆ ಬರುತ್ತದೆ. ಈ ವಂಶವಾಹಿಯು ಕರ್ನಾಟಕದ ಕೆಲವು ಬುಡಕಟ್ಟು ಸಮುದಾಯಗಳಲ್ಲಿಯೂ ಇದ್ದು, 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಅಭಿಯಾನದಡಿ ಇದರ ತಪಾಸಣೆ ಮಾಡಲಾಗುತ್ತಿದೆ.

ಎಚ್.ಐ.ವಿ.: ಸಿ.ಸಿ.ಆರ್.5 ಎಂಬ ವಂಶವಾಹಿಯ ಒಂದು ಭಾಗವು ತಂದೆ ತಾಯಿ ಇಬ್ಬರ ಕಡೆಯಿಂದಲೂ ಲೋಪವಾಗಿರುವವರಿಗೆ ಎಚ್.ಐ.ವಿ. ಸೋಂಕು ಬಹುಮಟ್ಟಿಗೆ ತಗಲುವುದಿಲ್ಲ ಎಂದು 1996ರಲ್ಲಿ ತಿಳಿದುಬಂದಿತು. ಇದು ಮುಖ್ಯವಾಗಿ ಯುರೋಪ್ ಮೂಲದವರಲ್ಲಿ ಕಂಡುಬರುತ್ತದೆ; ಭಾರತದಲ್ಲಿ ಅತಿ ವಿರಳ.

ಕುಷ್ಠರೋಗ: ಬಹುಪಾಲು ಜನರಿಗೆ ಈ ರೋಗಾಣುವಿನ ವಿರುದ್ಧ ಸಹಜ ಪ್ರತಿರೋಧವಿದೆ. ಇದು ಸಹ ವಂಶಪಾರಂಪರ್ಯ ರೋಗವಲ್ಲ; ಔಷಧದಿಂದ ಪೂರ್ಣವಾಗಿ ಗುಣವಾಗುತ್ತದೆ. ಕುಷ್ಠರೋಗವನ್ನು ವಿಚ್ಛೇದನಕ್ಕೆ ಕಾರಣವಾಗಿ ಪರಿಗಣಿಸುತ್ತಿದ್ದ ಉಪಬಂಧಗಳನ್ನು ವೈಯಕ್ತಿಕ ಕಾನೂನುಗಳ ತಿದ್ದುಪಡಿ ಅಧಿನಿಯಮ, 2019ರ ಮೂಲಕ ತೆಗೆದುಹಾಕಲಾಗಿದೆ.

6. ಔಷಧ ಸೇವನೆಯಲ್ಲಿ ವಂಶವಾಹಿಗಳ ಮಹತ್ವ

ಕ್ಷಯದ ಪ್ರಮುಖ ಔಷಧವಾದ ಐಸೋನಿಯಾಜಿಡ್ ಅನ್ನು ಯಕೃತ್ತು ಪರಿವರ್ತಿಸುವ ವೇಗವು ವಂಶವಾಹಿಯಿಂದ ನಿರ್ಧಾರವಾಗುತ್ತದೆ. ನಿಧಾನವಾಗಿ ಪರಿವರ್ತಿಸುವವರು ನಮ್ಮ ದೇಶದಲ್ಲಿ ಅಧಿಕ ಸಂಖ್ಯೆಯಲ್ಲಿದ್ದಾರೆ. ಇವರಲ್ಲಿ ಕೈಕಾಲು ಜೋಮು ಹಿಡಿಯುವುದು ಮತ್ತು ಯಕೃತ್ತಿನ ತೊಂದರೆ ಉಂಟಾಗುವ ಸಾಧ್ಯತೆ ತುಸು ಹೆಚ್ಚು. ವಾಂತಿ, ಹಸಿವಿಲ್ಲದಿರುವುದು, ಕಣ್ಣು ಅಥವಾ ಮೂತ್ರ ಹಳದಿಯಾಗುವುದು ಕಂಡುಬಂದಲ್ಲಿ ಅದೇ ದಿನ ವೈದ್ಯರಿಗೆ ತಿಳಿಸತಕ್ಕದ್ದು. ಯಾವ ಲಕ್ಷಣವನ್ನೂ ಸಹಿಸಿಕೊಂಡು ಸುಮ್ಮನಿರಬಾರದು. ವೈದ್ಯರಿಗೆ ತಿಳಿಸದೆ ಚಿಕಿತ್ಸೆಯನ್ನು ಕೈಬಿಡಲೂಬಾರದು.

ಅದೇ ರೀತಿ, ಜಿ-6-ಪಿ.ಡಿ. ಎಂಬ ಕಿಣ್ವದ ಕೊರತೆ ಇರುವವರಿಗೆ ಮಲೇರಿಯಾದ ಪ್ರೈಮಾಕ್ವಿನ್ ಮಾತ್ರೆಯಿಂದ ಕೆಂಪು ರಕ್ತಕಣಗಳು ಒಡೆಯಬಹುದು. ಮಾತ್ರೆ ಸೇವಿಸಿದ ನಂತರ ಮೂತ್ರವು ಕಪ್ಪಾದಲ್ಲಿ ಮಾತ್ರೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಬರತಕ್ಕದ್ದು.

7. ಪರೀಕ್ಷೆಯ ಬಗ್ಗೆ ತಪ್ಪು ತಿಳುವಳಿಕೆ

ಕ್ಷಯ ಪತ್ತೆಗಾಗಿ ಮಾಡುವ ಸಿ.ಬಿ.ನ್ಯಾಟ್ (ಜೀನ್ ಎಕ್ಸ್‌ಪರ್ಟ್) ಮತ್ತು ಟ್ರೂನ್ಯಾಟ್ ಪರೀಕ್ಷೆಗಳು ಕಫದಲ್ಲಿರುವ ರೋಗಾಣುವಿನ ವಂಶವಾಹಿಯನ್ನು ಗುರುತಿಸುತ್ತವೆಯೇ ಹೊರತು ರೋಗಿಯ ವಂಶವಾಹಿಯನ್ನಲ್ಲ. ರೋಗಾಣುವು ರಿಫಾಂಪಿಸಿನ್ ಔಷಧಕ್ಕೆ ಬಗ್ಗುತ್ತದೆಯೇ ಇಲ್ಲವೇ ಎಂಬುದೂ ಇದರಿಂದ ತಿಳಿಯುತ್ತದೆ. ಈ ಪರೀಕ್ಷೆಯಿಂದ ಕುಟುಂಬದ ಅಥವಾ ವಂಶದ ಬಗ್ಗೆ ಯಾವುದೇ ಮಾಹಿತಿ ದೊರೆಯುವುದಿಲ್ಲ. ಆದ್ದರಿಂದ ಯಾರೂ ಹಿಂಜರಿಯಬೇಕಾಗಿಲ್ಲ.

8. ಲಭ್ಯವಿರುವ ಸೇವೆಗಳು

ರಾಷ್ಟ್ರೀಯ ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮದಡಿ ಈ ಕೆಳಕಂಡ ಸೇವೆಗಳನ್ನು ಪಡೆಯಬಹುದಾಗಿದೆ:

(1) ಸರ್ಕಾರಿ ಆರೋಗ್ಯ ಸಂಸ್ಥೆಗಳಲ್ಲಿ ಉಚಿತ ಕಫ ಪರೀಕ್ಷೆ ಹಾಗೂ ಪೂರ್ಣಾವಧಿಯ ಉಚಿತ ಔಷಧ.
(2) ರೋಗಿಯ ಮನೆಯ ಎಲ್ಲ ಸದಸ್ಯರ ತಪಾಸಣೆ. ರೋಗವಿಲ್ಲವೆಂದು ಖಚಿತವಾದ ನಂತರ, ಅರ್ಹರಿಗೆ ವೈದ್ಯರ ಸಲಹೆಯ ಮೇರೆಗೆ ಕ್ಷಯ ಬಾರದಂತೆ ತಡೆಯುವ ಚಿಕಿತ್ಸೆ.
(3) ನಿಕ್ಷಯ್ ಪೋಷಣ್ ಯೋಜನೆಯಡಿ ಚಿಕಿತ್ಸೆಯ ಅವಧಿಯಲ್ಲಿ ಪೌಷ್ಟಿಕ ಆಹಾರಕ್ಕಾಗಿ ಸಹಾಯಧನ. 2018ರ ಏಪ್ರಿಲ್‌ನಿಂದ ಮಾಸಿಕ ರೂ. 500 ಇದ್ದ ಈ ಮೊತ್ತವನ್ನು 2024ರ ನವೆಂಬರ್ 1ರಿಂದ ರೂ. 1,000ಕ್ಕೆ ಹೆಚ್ಚಿಸಲಾಗಿದ್ದು, ರೋಗಿಯ ಬ್ಯಾಂಕ್ ಖಾತೆಗೆ ನೇರವಾಗಿ ಜಮಾ ಮಾಡಲಾಗುತ್ತದೆ.
(4) ಉಚಿತ ದೂರವಾಣಿ ಸಹಾಯವಾಣಿ: 1800-11-6666.

ಮೇಲ್ಕಂಡ ಯಾವುದೇ ಸೇವೆಗೆ ವಂಶವಾಹಿ ಪರೀಕ್ಷೆಯ ವರದಿಯ ಅವಶ್ಯಕತೆ ಇರುವುದಿಲ್ಲ.

9. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ತಂದೆಗೆ ಕ್ಷಯ ಬಂದಿತ್ತು. ಮಗಳಿಗೆ ವಿವಾಹ ಮಾಡಬಹುದೇ?
ಉತ್ತರ: ಅವಶ್ಯವಾಗಿ ಮಾಡಬಹುದು. ತಂದೆಯ ರೋಗವು ಮಗಳ ರಕ್ತದಲ್ಲಿ ಹರಿದು ಬರುವುದಿಲ್ಲ. ಆಕೆ ಒಮ್ಮೆ ತಪಾಸಣೆ ಮಾಡಿಸಿಕೊಂಡಿದ್ದರೆ ಸಾಕು.

ಪ್ರಶ್ನೆ: ಮಗುವಿಗೆ ಬಿ.ಸಿ.ಜಿ. ಹಾಕಿಸುವುದು ಸುರಕ್ಷಿತವೇ?
ಉತ್ತರ: ಹೌದು. ಶಿಶುಗಳಿಗೆ ಬರುವ ಮೆದುಳಿನ ಕ್ಷಯ ಮುಂತಾದ ತೀವ್ರ ಸ್ವರೂಪಗಳಿಂದ ಅದು ರಕ್ಷಣೆ ನೀಡುತ್ತದೆ. ಆದರೆ ಹಿಂದಿನ ಮಗುವಿಗೆ ಬಿ.ಸಿ.ಜಿ. ನಂತರ ತೀವ್ರ ಕಾಯಿಲೆಯಾಗಿದ್ದಲ್ಲಿ ಅಥವಾ ಶೈಶವದಲ್ಲಿಯೇ ಪದೇ ಪದೇ ಸೋಂಕು ತಗುಲಿ ಮಗು ತೀರಿಕೊಂಡಿದ್ದಲ್ಲಿ, ಲಸಿಕೆಗೆ ಮುನ್ನ ವೈದ್ಯರಿಗೆ ತಪ್ಪದೆ ತಿಳಿಸತಕ್ಕದ್ದು. ಸೋದರಮಾವ, ಅತ್ತೆಯ ಮಗ ಮುಂತಾದ ಹತ್ತಿರದ ಸಂಬಂಧದಲ್ಲಿ ವಿವಾಹವಾದ ದಂಪತಿಗಳು ಅದನ್ನೂ ತಿಳಿಸುವುದು ಒಳಿತು. ಏಕೆಂದರೆ ತಂದೆ ತಾಯಿ ಇಬ್ಬರಿಂದಲೂ ಬರಬೇಕಾದ ವಿರಳ ದೋಷಗಳು ಇಂತಹ ವಿವಾಹಗಳ ಮಕ್ಕಳಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ.

ಪ್ರಶ್ನೆ: ನಮ್ಮ ಮನೆತನದಲ್ಲಿ ಯಾರಿಗೂ ಕ್ಷಯ ಬಂದಿಲ್ಲ. ಕೆಮ್ಮು ಇದ್ದರೂ ಪರೀಕ್ಷೆ ಬೇಕೇ?
ಉತ್ತರ: ಬೇಕು. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕ ಇಳಿಯುವುದು, ರಾತ್ರಿ ಬೆವರುವುದು ಅಥವಾ ಕಫದಲ್ಲಿ ರಕ್ತ ಕಂಡುಬಂದಲ್ಲಿ ಯಾವ ಮನೆತನದವರಾದರೂ ಕಫ ಪರೀಕ್ಷೆ ಮಾಡಿಸತಕ್ಕದ್ದು.

10. ಕೋರಿಕೆ

ಮನೆಯಲ್ಲಿ ಒಬ್ಬರಿಗೆ ಕ್ಷಯ ಪತ್ತೆಯಾದಾಗ ಉಳಿದವರು ವಿಧಿಯೆಂದು ಕೈಕಟ್ಟಿ ಕೂರದೆ, ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಅಥವಾ ಗ್ರಾಮದ ಆಶಾ ಕಾರ್ಯಕರ್ತೆಯನ್ನು ಕೂಡಲೇ ಸಂಪರ್ಕಿಸಬೇಕಾಗಿ ಕೋರಲಾಗಿದೆ. ವಂಶವಾಹಿಗಳನ್ನು ಯಾರೂ ಆರಿಸಿಕೊಳ್ಳಲಾಗದು. ಆದರೆ ಸಕಾಲದ ತಪಾಸಣೆ, ಪೂರ್ಣ ಚಿಕಿತ್ಸೆ ಮತ್ತು ಹೊಟ್ಟೆ ತುಂಬ ಊಟ ಇವು ಮೂರೂ ನಮ್ಮ ಕೈಯಲ್ಲಿ ಇರುವಂತಹವು.