ಕುದುರೆಮುಖ ಗಣಿ ಮತ್ತು ಕಲಂ 41(ಎಚ್‌ಎ): ತಡೆಯಾಜ್ಞೆಯ ಮಿತಿಗಳ ಕುರಿತು ಟಿಪ್ಪಣಿ

ನಿರ್ದಿಷ್ಟ ಪರಿಹಾರ ಕಾಯ್ದೆ, 1963ಕ್ಕೆ ತಂದ ತಿದ್ದುಪಡಿ 2018ರ ಅಕ್ಟೋಬರ್ 1ರಂದು ಜಾರಿಗೆ ಬಂತು. ಮೂಲಸೌಕರ್ಯ ಯೋಜನೆಯ ಗುತ್ತಿಗೆ ಕುರಿತ ದಾವೆಯಲ್ಲಿ, ಕೆಲಸಕ್ಕೆ ಅಡ್ಡಿಯೋ ವಿಳಂಬವೋ ಆಗುವಂತಿದ್ದರೆ ತಡೆಯಾಜ್ಞೆ ಕೊಡಕೂಡದು ಎನ್ನುತ್ತದೆ ಕಲಂ 20ಎ. ಕಲಂ 41(ಎಚ್‌ಎ) ಗುತ್ತಿಗೆಯ ಮಾತೆತ್ತದೆ ಅದೇ ನಿರ್ಬಂಧ ಹೇರಿ, ಯೋಜನೆಯ ಸೌಲಭ್ಯ ಮುಂದುವರಿಯುವುದಕ್ಕೆ ತೊಡಕಾಗುವ ತಡೆಯನ್ನೂ ನಿಷೇಧಿಸುತ್ತದೆ. ಯೋಜನೆ ಸರ್ಕಾರದ್ದೋ ಖಾಸಗಿಯದೋ ಎಂಬುದು ಇಲ್ಲಿ ಮುಖ್ಯವಲ್ಲ. ಅದು ಕಾಯ್ದೆಯ ಅನುಸೂಚಿಯಲ್ಲಿರಬೇಕು. ಸಾರಿಗೆ, ಇಂಧನ, ನೀರು ಮತ್ತು ನೈರ್ಮಲ್ಯ, ಸಂವಹನ, ಸಾಮಾಜಿಕ-ವಾಣಿಜ್ಯ ಸೌಕರ್ಯ ಎಂಬ ಐದು ವರ್ಗಗಳು ಅದರಲ್ಲಿವೆ.

ಈ ನಿರ್ಬಂಧ ಎಲ್ಲಿಯವರೆಗೆ ಚಾಚುತ್ತದೆ ಎಂಬುದನ್ನು ಅಳೆಯಲು ಕಳಸ–ಕುದುರೆಮುಖ ರಸ್ತೆಯ ಸಂಸೆಗೆ ನೆರೆಯಾದ ಗಣಿಯ ಪ್ರಕರಣ ನೆರವಾಗುತ್ತದೆ. ಕೇಂದ್ರ ಸರ್ಕಾರ 1976ರಲ್ಲಿ ಸ್ಥಾಪಿಸಿದ ಕುದುರೆಮುಖ ಕಬ್ಬಿಣದ ಅದಿರು ಕಂಪನಿಯ ಗಣಿ ಗುತ್ತಿಗೆ 1999ರಲ್ಲಿ ಮುಗಿದಿತ್ತು. ಆಮೇಲೆ ತಾತ್ಕಾಲಿಕ ಅನುಮತಿಗಳ ಮೇಲೆ ಕೆಲಸ ಸಾಗುತ್ತಿತ್ತು. ಇದರ ವಿರುದ್ಧ ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪ ಹೂಡಿದ್ದು ಸಿವಿಲ್ ದಾವೆಯಲ್ಲ. ಸುಪ್ರೀಂ ಕೋರ್ಟಿನಲ್ಲಿ 1995ರಿಂದ ನಡೆಯುತ್ತಿದ್ದ ಗೋದಾವರ್ಮನ್ ಅರಣ್ಯ ಪ್ರಕರಣದೊಳಗೇ ಅವರು ಅರ್ಜಿ ಸಲ್ಲಿಸಿದರು. 2002ರ ಅಕ್ಟೋಬರ್ 30ರ ತೀರ್ಪು ಗಣಿಯನ್ನು ಒಮ್ಮೆಲೇ ಮುಚ್ಚಿಸಲಿಲ್ಲ. ಅರಣ್ಯ ಸಲಹಾ ಸಮಿತಿಯ ಶಿಫಾರಸನ್ನು ಒಪ್ಪಿ, ಆಗಲೇ ಅಗೆದಿದ್ದ ಪ್ರದೇಶದಲ್ಲಿ ಮಾತ್ರ 2005ರ ಅಂತ್ಯದವರೆಗೆ ಅವಕಾಶ ಕೊಟ್ಟಿತು.

ಇದೇ ವಿವಾದ 2018ರ ಬಳಿಕ ಸಿವಿಲ್ ದಾವೆಯಾಗಿ ಬಂದಿದ್ದರೆ? ಅನುಸೂಚಿಯಲ್ಲಿ ಗಣಿಗಾರಿಕೆ ಇಲ್ಲ. ಆದರೆ ನೀರು ಮತ್ತು ನೈರ್ಮಲ್ಯದ ಅಡಿಯಲ್ಲಿ ಸ್ಲರಿ ಪೈಪ್‌ಲೈನ್ ಇದೆ. ಕುದುರೆಮುಖದ ಅದಿರು ಮಂಗಳೂರಿಗೆ ಹರಿದದ್ದು ಸುಮಾರು 67 ಕಿ.ಮೀ. ಉದ್ದದ ಅಂಥದೇ ಕೊಳವೆಯಲ್ಲಿ. ಗಣಿ ನಿಂತರೆ ಕೊಳವೆಯ ಸೇವೆಯೂ ನಿಲ್ಲುತ್ತದೆ ಎಂದು ಕಂಪನಿ ವಾದಿಸಬಹುದಿತ್ತು. ಲಕ್ಯಾ ಅಣೆಕಟ್ಟಿಗೆ ಆ ರಕ್ಷಣೆ ಸುಲಭವಾಗಿ ಸಿಗುತ್ತಿರಲಿಲ್ಲ: ಅನುಸೂಚಿ ಅಣೆಕಟ್ಟನ್ನು ಹೆಸರಿಸುವುದು ನೀರಾವರಿಯಡಿ, ಲಕ್ಯಾ ಕಟ್ಟಿದ್ದು ಗಣಿಯ ಹೂಳು ತಡೆಯಲು.

ಇದೆಲ್ಲ ಸಿವಿಲ್ ದಾವೆಯ ಮಾತು. ಸಂವಿಧಾನದ 32 ಮತ್ತು 226ನೇ ವಿಧಿಗಳ ರಿಟ್ ಅಧಿಕಾರವನ್ನು ಸಾಮಾನ್ಯ ಕಾಯ್ದೆಯೊಂದು ಕಸಿಯಲಾರದು. ಆದರೂ ಎನ್.ಜಿ. ಪ್ರಾಜೆಕ್ಟ್ಸ್ ಪ್ರಕರಣದಲ್ಲಿ (2022) ಸುಪ್ರೀಂ ಕೋರ್ಟ್, 41(ಎಚ್‌ಎ)ಯ ಆಶಯವನ್ನು ರಿಟ್ ನ್ಯಾಯಾಲಯಗಳೂ ಗಮನದಲ್ಲಿಡಬೇಕು ಎಂದಿತು. ಅದು ಜಾರ್ಖಂಡದ ರಸ್ತೆ ಟೆಂಡರಿನ ವಿವಾದ. ಟೆಂಡರು ಕೈತಪ್ಪಿದವನ ನಷ್ಟವನ್ನು ಹಣದಲ್ಲಿ ತುಂಬಿಕೊಡಬಹುದು. ಕುದುರೆಮುಖದ ಗಣಿಯಿದ್ದ ಭದ್ರಾ ನದಿಯ ಜಲಾನಯನದ ಕಾಡಿಗೆ ಆ ಲೆಕ್ಕ ಹೊಂದದು. ಹಾಗಾಗಿ ಆ ತೀರ್ಪನ್ನು ಅರಣ್ಯ ಕಾನೂನಿನ ಉಲ್ಲಂಘನೆಯ ಪ್ರಕರಣಗಳಿಗೆ ಹಾಗೆಯೇ ಅನ್ವಯಿಸುವುದು ಸರಿಯಾಗದು.